ಮರದ ಬುಡದಲ್ಲಿ ಬಂದ ನೊರೆ

ಕಳೆದ ಜುಲೈ ಮೊದಲ ವಾರ ಅಪ್ಪ ಫೋನ್ ಮಾಡಿದ್ದ. ಮಳೆ, ಎತ್ತು, ಕಬ್ಬಿನ ಬಿಲ್ಲು ಎಲ್ಲ ಮಾತಾಡಿ ಕೊನೆಗೆ ಸಣ್ಣ ದನಿಯಲ್ಲಿ ಅಂದ: "ಬದುವಿನ ಮಾವಿನ ಗಿಡ ಕೊಟ್ಟಬಿಡೂಣು ಅಂತ ಮಾಡೇವಿ."

ನಮ್ಮ ಕಡೆ ಎಷ್ಟೇ ದೊಡ್ಡ ಮರವಿದ್ದರೂ ಅದಕ್ಕೆ ಗಿಡ ಅಂತಲೇ ಅನ್ನುವುದು. ರಾಯಬಾಗ ತಾಲ್ಲೂಕಿನಲ್ಲಿ, ಕುಡಚಿಯಿಂದ ಸ್ವಲ್ಪ ಒಳಗೆ ನಮ್ಮ ಹೊಲ. ಬದುವಿನ ಮೇಲಿನ ಆ ಮಾವು ನನ್ನ ಮುತ್ತಜ್ಜನ ಕಾಲದ್ದು. ಅಪ್ಪನದು ಅರ್ಧ ಪಾಲು, ಕಾಕಾನದು ಅರ್ಧ. ಕಟ್ಟಿಗೆ ವ್ಯಾಪಾರಿ ಬಂದು ರೇಟ್ ಹೇಳಿ ಹೋಗಿದ್ದ.

ಅಪ್ಪ ಕೊಟ್ಟ ಕಾರಣ ಮೂರು. ನೆರಳಿಗೆ ಐದಾರು ಸಾಲು ಕಬ್ಬು ಏಳುವುದಿಲ್ಲ. ಕಾಂಡದಲ್ಲಿ ಪೊಟರೆ ಬಿದ್ದಿದೆ. ಮೂರನೆಯದನ್ನು ಅವನು ಒತ್ತಿ ಹೇಳಿದ: "ಎಲಿಗೆಲ್ಲಾ ಕರೀ ಬೂಸರ ಹತ್ತೈತಿ. ನಾಳೆ ಕಬ್ಬಿಗೆ ಹತ್ತಿದರ ಏನ ಮಾಡೂದು?"

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವವಳು. ಬೂಸರು ಅಂದರೆ ನನಗೆ ಗೊತ್ತಿದ್ದದ್ದು ಹಳೇ ಬ್ರೆಡ್ಡಿನ ಮೇಲಿನದು ಮಾತ್ರ. ಆದರೆ ನನ್ನ ರೂಮ್‌ಮೇಟ್ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಎಲೆ ಮೇಲಿನ ಕಪ್ಪು ಒರೆಸಿದರೆ ಹೋಗ್ತದಾ?" ನನಗೆ ಗೊತ್ತಿರಲಿಲ್ಲ. "ಹಾಗಾದ್ರೆ ಹೋಗಿ ನೋಡೋಣ. ದಾರಿಯಲ್ಲಿ ಅಂಬೋಲಿಗೂ ಹೋಗಿ ಬರೋಣ. ಮರದ ಮೇಲಿನ ಬೂಸರು ಅಂದ್ರೆ ಏನು ಅಂತ ಅಲ್ಲಿ ತೋರಿಸ್ತೀನಿ" ಅಂದಳು.

ಹೀಗೆ ಶುಕ್ರವಾರ ರಾತ್ರಿ ಹೊರಟೆವು. ಬ್ಯಾಗಿನಲ್ಲಿ ಎರಡು ರೇನ್‌ಕೋಟು, ನಾಲ್ಕು ಸಣ್ಣ ಬಾಟಲಿ, ಒಂದು ಸ್ಟೀಲ್ ಚಮಚ, ಮತ್ತೆ ಅವಳ ಫೋಲ್ಡ್‌ಸ್ಕೋಪ್. ಅದು ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ ರೂಪಿಸಿದ, ಕಾಗದ ಮಡಿಸಿ ಮಾಡುವ ಸೂಕ್ಷ್ಮದರ್ಶಕ. 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮೊಬೈಲ್ ಕ್ಯಾಮೆರಾಕ್ಕೆ ಅಂಟಿಸಬಹುದು.

ಬೆಳಗಿನ ಜಾವ ನಿಪ್ಪಾಣಿಯಲ್ಲಿ ಚಹಾ. ಬೀಡಿ ತಂಬಾಕಿನ ಊರು ಇದು. 1981ರಲ್ಲಿ ಇಲ್ಲಿನ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕೂತು ನಡೆಸಿದ ಹೋರಾಟವನ್ನು ಹಿರಿಯರು ಇನ್ನೂ ನೆನೆಸುತ್ತಾರೆ. ಮಳೆಗಾಲದಲ್ಲಿ ಗೋದಾಮಿನವರಿಗೆ ತೇವದ ಚಿಂತೆ. ತೇವ ಬಂದರೆ ಬೂಸರು, ಬೂಸರು ಬಂದರೆ ಮಾಲು ಹಾಳು. ಮನೆ, ಗೋದಾಮು, ಹೊಲ ಎಲ್ಲ ಕಡೆಯೂ ನಮ್ಮ ಜನರಿಗೆ ಈ ಶಬ್ದ ನಷ್ಟದ ಶಬ್ದವೇ.

ಅಲ್ಲಿಂದ ಆಜರಾ ದಾಟಿ ಅಂಬೋಲಿ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಘಟ್ಟ. ಜುಲೈನಲ್ಲಿ ಅಲ್ಲಿ ಮಳೆ ಬೀಳುತ್ತಿದೆ ಅನ್ನುವುದಕ್ಕಿಂತ ನಾವೇ ಮೋಡದೊಳಗೆ ನಿಂತಿದ್ದೇವೆ ಅನ್ನಿಸುತ್ತದೆ. ಪ್ರವಾಸಿಗರೆಲ್ಲ ಜಲಪಾತದ ಹತ್ತಿರ ಭುಟ್ಟಾ ತಿನ್ನುತ್ತಿದ್ದರು. ನಾವಿಬ್ಬರು ಅಲ್ಲಿಂದ ದೂರ, ರಸ್ತೆ ಪಕ್ಕದ ಒಂದು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆವು.

ಗೆಳತಿ ಮೊದಲು ತೋರಿಸಿದ್ದು ಎಲೆ. ಹಸಿರು ಎಲೆಯ ಮೇಲೆ ಮಸಿ ಚಿಮುಕಿಸಿದಂಥ ದುಂಡನೆಯ ಕಪ್ಪು ಚುಕ್ಕೆಗಳು. ಇವು ಮೆಲಿಯೋಲ ಗುಂಪಿನ ಶಿಲೀಂಧ್ರಗಳು. ಪಶ್ಚಿಮ ಘಟ್ಟದ ಕಾಡುಮರಗಳ ಎಲೆಗಳಲ್ಲಿ ಇವುಗಳ ನೂರಾರು ಜಾತಿ ಇವೆ. ಬಹಳಷ್ಟು ಜಾತಿಗಳಿಗೆ ತಮ್ಮದೇ ಒಂದು ಮರ ಅಥವಾ ಅದರ ಹತ್ತಿರದ ನೆಂಟಮರ ಮಾತ್ರ ಬೇಕು. ಇವುಗಳನ್ನು ಜೀವಮಾನವಿಡೀ ಹುಡುಕಿ ಪಟ್ಟಿ ಮಾಡಿದ ವಿಜ್ಞಾನಿ ವಿ.ಬಿ. ಹೊಸಗೌಡರ. ಹೆಸರು ಕೇಳಿದ ಕೂಡಲೇ ನಮ್ಮ ಕಡೆಯ ಅಡ್ಡಹೆಸರು ಅಂತ ನನಗೆ ಒಂಥರಾ ಖುಷಿ.

"ಇದು ಕಣ್ಣಿಗೆ ಕಾಣೋದು. ಕಾಣದೇ ಇರೋದು ಎಲೆ ಒಳಗಿದೆ" ಅಂದಳು. ಚಿಗುರು ಹುಟ್ಟುವಾಗ ಬಹುಪಾಲು ಖಾಲಿಯಾಗಿಯೇ ಬರುತ್ತದಂತೆ. ಆಮೇಲೆ ಗಾಳಿಯಲ್ಲಿ, ಮಳೆಹನಿಯಲ್ಲಿ ಬಂದ ಬೀಜಕಣಗಳು ಮೊಳೆತು ಎಲೆಯ ಜೀವಕೋಶಗಳ ನಡುವೆ ಸೇರಿಕೊಳ್ಳುತ್ತವೆ. ರೋಗವಿಲ್ಲ, ಚುಕ್ಕೆಯಿಲ್ಲ, ಸುಮ್ಮನೆ ಇರುತ್ತವೆ. ಉಷ್ಣವಲಯದ ಕಾಡಿನ ಬಲಿತ ಎಲೆಯೊಂದರಲ್ಲಿ ಇಂಥ ಹತ್ತಾರು ಬಗೆ ಇರಬಹುದು. ಜಗತ್ತಿನಲ್ಲಿ ನಾವು ಇದುವರೆಗೆ ಹೆಸರಿಟ್ಟ ಶಿಲೀಂಧ್ರಗಳು ಒಂದೂವರೆ ಲಕ್ಷದ ಆಸುಪಾಸು. ಒಟ್ಟು 22ರಿಂದ 38 ಲಕ್ಷ ಜಾತಿ ಇರಬಹುದೆಂದು ಹಾಕ್ಸ್‌ವರ್ತ್ ಮತ್ತು ಲ್ಯೂಕಿಂಗ್ 2017ರಲ್ಲಿ ಅಂದಾಜು ಮಾಡಿದ್ದಾರೆ. ಹೆಸರಿಲ್ಲದ ಬಹಳಷ್ಟು ಜಾತಿಗಳು ನಮ್ಮ ತಲೆಯ ಮೇಲಿನ ಕೊಂಬೆಗಳಲ್ಲೇ ಇರಬಹುದು.

ಆಮೇಲೆ ನೊರೆ. ಜೋರು ಮಳೆಯಲ್ಲಿ ನೀರು ಕೊಂಬೆಯಿಂದ ಕಾಂಡಕ್ಕೆ ಇಳಿದು ಬುಡದಲ್ಲಿ ಬಿಳೀ ನೊರೆ ಕಟ್ಟುತ್ತದೆ. ನೀವೂ ನೋಡಿರುತ್ತೀರಿ, ಯಾರೋ ಮರಕ್ಕೆ ಸೋಪು ಹಚ್ಚಿದ ಹಾಗೆ ಕಾಣುತ್ತದೆ. ತೊಗಟೆಯಿಂದ ಕರಗಿ ಬಂದ ವಸ್ತುಗಳಿಂದ ಆಗುವ ನೊರೆ ಅದು. ಇಡೀ ಮರದ ಮೇಲೆ ಬಿದ್ದ ನೀರು ಈ ಒಂದು ದಾರಿಯಲ್ಲಿ ಇಳಿಯುತ್ತದಲ್ಲ, ಮೇಲಿದ್ದ ಬೀಜಕಣಗಳೂ ಜೊತೆಗೆ ಇಳಿದು ನೊರೆಯ ಗುಳ್ಳೆಗಳಿಗೆ ಸಿಕ್ಕಿಕೊಳ್ಳುತ್ತವೆ. ಗೆಳತಿ ಒಂದು ಚಮಚ ನೊರೆ ತೆಗೆದು ಬಾಟಲಿಗೆ ಹಾಕಿ, ಒಂದು ಹನಿಯನ್ನು ಗಾಜಿಗೆ ಹಚ್ಚಿ ಫೋಲ್ಡ್‌ಸ್ಕೋಪಿಗೆ ಸಿಕ್ಕಿಸಿ ಕೊಟ್ಟಳು.

ಮೊದಲು ಬರೀ ಧೂಳು, ತೊಗಟೆಯ ಚೂರು ಕಂಡವು. ಗಾಜನ್ನು ಸ್ವಲ್ಪ ಸರಿಸಿದೆ. ಅಲ್ಲಿ ನಾಲ್ಕು ಕೈ ಚಾಚಿಕೊಂಡ ಒಂದು ಆಕಾರ, ಥೇಟ್ ನಮ್ಮ ಹೊಲದ ನೆಗ್ಗಿಲುಮುಳ್ಳಿನ ಹಾಗೆ. ಗಾಜಿನಷ್ಟು ಪಾರದರ್ಶಕ. "ಅದೇ ಬೀಜಕಣ" ಅಂದಳು. ನೀರಿನಲ್ಲಿ ಹರಿದು ಹೋಗುವಾಗ ಎಲ್ಲಾದರೂ ಅಂಟಿಕೊಳ್ಳಲು ಈ ಕೈಗಳು. ನೆಗ್ಗಿಲುಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕಿರುತ್ತದೆ. ಇದು ಹೇಗೆ ತೇಲಿದರೂ ಒಂದು ಕೈ ಎಲೆಗೆ ತಾಗುತ್ತದೆ.

ಇಂಥ ಶಿಲೀಂಧ್ರಗಳನ್ನು 1942ರಲ್ಲಿ ಇಂಗ್ಲೆಂಡಿನ ಸಿ.ಟಿ. ಇಂಗೋಲ್ಡ್ ಒಂದು ತೊರೆಯಲ್ಲಿ, ಕೊಳೆಯುತ್ತಿದ್ದ ಎಲೆಗಳ ಮೇಲೆ ಕಂಡು ಬರೆದರು. ಹಾಗಾಗಿ ಇವು ಹೊಳೆಯ ಜೀವಿಗಳು ಅಂತ ಬಹಳ ಕಾಲ ನಂಬಿಕೆಯಿತ್ತು. 1984ರಲ್ಲಿ ಜಪಾನಿನ ಆಂಡೊ ಮತ್ತು ತುಬಾಕಿ, ಮರದ ಎಲೆಗಳಿಂದ ತೊಟ್ಟಿಕ್ಕುವ ಮಳೆನೀರಿನಲ್ಲೂ ಇಂಥವೇ ಬೀಜಕಣಗಳನ್ನು ತೋರಿಸಿದರು. ಹೊಳೆಯೇ ಇಲ್ಲದ ಕಡೆ, ನೆಲದಿಂದ ಅಷ್ಟೆತ್ತರದಲ್ಲಿ!

ನಮ್ಮ ಕರ್ನಾಟಕದಲ್ಲಿ ಈ ಕೆಲಸ ಮಾಡಿದವರು ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಕೆ.ಎಸ್. ಕರಮ್‌ಚಂದ್. 2006ರಿಂದ 2009ರ ನಡುವೆ ಅವರು ಪ್ರಕಟಿಸಿದ ಅಧ್ಯಯನಗಳು ಕರಾವಳಿ ಮತ್ತು ಪಶ್ಚಿಮ ಘಟ್ಟದ ಮರಗಳ ಬಗ್ಗೆ. ಕಾಂಡದಲ್ಲಿ ಇಳಿಯುವ ನೀರು, ಎಲೆಗಳಿಂದ ತೊಟ್ಟಿಕ್ಕುವ ನೀರು, ಪೊಟರೆಯಲ್ಲಿ ನಿಂತ ನೀರು, ಮರದ ಮೇಲೆ ಬೆಳೆಯುವ ಡ್ರೈನೇರಿಯಾ ಜರಿಗಿಡದ ಬುಟ್ಟಿಯಂಥ ಒಣ ಎಲೆಗಳಲ್ಲಿ ಕೂಡಿದ ಕಸ, ಎಲ್ಲದರಲ್ಲೂ ಹೊಳೆಯ ಶಿಲೀಂಧ್ರಗಳನ್ನು ಅವರು ಕಂಡರು. ನಾವು ಕಸ ಅನ್ನುವುದು ಮರದ ತುದಿಯಲ್ಲಿ ಗೊಬ್ಬರವಾಗುತ್ತಿದೆ. ಆ ಗೊಬ್ಬರದಲ್ಲಿ ಜರಿಗಿಡ, ಸೀತಾಳೆ, ಹುಳ, ಇರುವೆ ಎಲ್ಲ ಬದುಕುತ್ತವೆ. ಅದನ್ನು ಕೊಳೆಸುವವರು ಈ ನಾಲ್ಕು ಕೈಯವರು.

ಅಂಬೋಲಿಯಲ್ಲೇ ಹಿರಣ್ಯಕೇಶಿ ಹುಟ್ಟುತ್ತದೆ. ಗುಹೆಯ ಪುಟ್ಟ ಗುಡಿಯ ಪಕ್ಕ ಹೊರಬೀಳುವ ಆ ನೀರು ಸಂಕೇಶ್ವರ ದಾಟಿ ಘಟಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಸೇರುತ್ತದೆ. ಗುಡಿಯ ಮುಂದಿನ ತೊರೆಯಲ್ಲಿ ಒಂದು ಕೊಳೆತ ಎಲೆ ಎತ್ತಿ ಹಿಡಿದೆ. ನರಗಳು ಮಾತ್ರ ಉಳಿದು ಜಾಳಿಗೆಯಾಗಿತ್ತು. ಒಣ ಎಲೆ ಅಂದರೆ ನೀರಹುಳಗಳಿಗೆ ಖಡಕ್ ರೊಟ್ಟಿ ಇದ್ದ ಹಾಗೆ, ಬರೀದೇ ಇಳಿಯುವುದಿಲ್ಲ. ಶಿಲೀಂಧ್ರ ಹತ್ತಿ ಮೆತ್ತಗಾದ ಮೇಲೆ ಶೇಂಗಾ ಚಟ್ನಿ ಹಚ್ಚಿದ ಹಾಗೆ. ಆಗ ಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ. ಈ ಅಡುಗೆ ಮರದ ಮೇಲೆಯೇ ಶುರುವಾಗಿರುತ್ತದೆ. ಎಲೆ ಹೊಳೆಗೆ ಬೀಳುವ ಮೊದಲೇ ಕೊಳೆಸುವವರಲ್ಲಿ ಕೆಲವರು ಅದರೊಳಗೆ ಕೂತಿರುತ್ತಾರೆ.

ಭಾನುವಾರ ಗೆಳತಿ ಪುಣೆಗೆ ವಾಪಸ್ ಹೋದಳು, ಫೋಲ್ಡ್‌ಸ್ಕೋಪ್ ನನ್ನ ಕೈಗೆ ಕೊಟ್ಟು. ನಾನು ರಜೆ ಹಾಕಿ ಚಿಕ್ಕೋಡಿ ಬಸ್ ಹತ್ತಿದೆ. ಕಿಟಕಿಯಲ್ಲಿ ಈ ಸಲ ನಾನು ಹುಡುಕಿದ್ದು ದೊಡ್ಡ ಮರಗಳನ್ನು. ಕಂಡದ್ದು ಕಬ್ಬು, ಕಬ್ಬು, ಮತ್ತೆ ಕಬ್ಬು. ವೇದಗಂಗಾ, ದೂಧಗಂಗಾ ಎರಡೂ ಕೊಲ್ಹಾಪುರ ಕಡೆಯ ಘಟ್ಟದ ಕಾಡಿನಿಂದ ಇಳಿದು ಬರುತ್ತವೆ. ಕೃಷ್ಣೆ ಮಹಾಬಳೇಶ್ವರದಿಂದ. ನಮ್ಮ ಐದು ತಾಲ್ಲೂಕುಗಳ ಕಬ್ಬು, ದ್ರಾಕ್ಷಿ, ಕುಡಿಯುವ ನೀರು ಎಲ್ಲ ಹೆಚ್ಚಾಗಿ ಬೇರೆಯವರ ಕಾಡಿನ ಪುಣ್ಯ. ನಮ್ಮಲ್ಲಿ ಉಳಿದ ಕಾಡು ಅಂದರೆ ಗುಡಿಯ ಮುಂದಿನ ಆಲ, ರಸ್ತೆ ಬದಿಯ ಹುಣಸೆ, ಬದುವಿನ ಮಾವು, ಬೇವು. ಅಷ್ಟೇ.

ಮನೆ ಮುಟ್ಟಿದ್ದು ಸಂಜೆ. ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋದೆ. ಮಳೆಗೆ ಕಪ್ಪು ಅರ್ಧ ತೊಳೆದುಹೋಗಿತ್ತು, ಒಳಗಿನ ಎಲೆಗಳ ಮೇಲೆ ಇನ್ನೂ ಮಸಿಯ ಹಾಗೆ ಕೂತಿತ್ತು. ಒಂದು ಎಲೆ ಕಿತ್ತು ಒದ್ದೆ ಕರ್ಚೀಫಿನಿಂದ ಒರೆಸಿದೆ. ಕಪ್ಪೆಲ್ಲ ಬಟ್ಟೆಗೆ ಬಂತು. ಕೆಳಗೆ ಹಸಿರು ಎಲೆ, ಗಾಯವಿಲ್ಲ, ತೂತಿಲ್ಲ.

"ಅಪ್ಪಾ, ಇದು ಎಲಿ ತಿನ್ನೂದಿಲ್ಲ. ಜಿಗಿಹುಳ ಎಲಿ ರಸ ಕುಡದು ಸಿಹಿ ಅಂಟು ಉದರಸತಾವಲ್ಲ, ಅದರ ಮ್ಯಾಲ ಬೆಳೀತೈತಿ."

ಅಪ್ಪ ಎಲೆಯನ್ನು ತಿರುಗಿಸಿ ನೋಡಿದ. "ಉಣ್ಣೆ ಹೇನು ಬಂದ ವರ್ಷ ಕಬ್ಬೂ ಹಿಂಗ ಕರ್ರಗ ಆಗಿತ್ತಲ್ಲ" ಅಂದ.

ಅವನ ಹೆದರಿಕೆಯ ಮೂಲ ಆಗ ನನಗೆ ತಿಳಿಯಿತು. 2002ರ ಸುಮಾರಿಗೆ ಸಾಂಗ್ಲಿ ಕಡೆಯಿಂದ ನಮ್ಮ ಸೀಮೆಯ ಕಬ್ಬಿಗೆಲ್ಲ ಬಿಳಿ ಉಣ್ಣೆ ಹೇನು ಹಬ್ಬಿತ್ತು. ಹೇನು ಸುರಿಸಿದ ಅಂಟಿನ ಮೇಲೆ ಇಂಥದೇ ಕಪ್ಪು ಬೂಸರು ಬೆಳೆದಿತ್ತು. ಅಪ್ಪ ಕಂಡದ್ದು ಸುಳ್ಳಲ್ಲ, ತಪ್ಪಿತಸ್ಥ ಮಾತ್ರ ಬೇರೆ. ಎಲೆ ಪೂರಾ ಮುಚ್ಚಿದರೆ ಬಿಸಿಲು ತಾಗದೆ ಮರ ಸೊರಗುತ್ತದೆ, ಅದು ನಿಜ. ಆದರೆ ಹುಳ ಹೋದರೆ ಮಸಿಯೂ ಹೋಗುತ್ತದೆ. ಮಾವಿನ ಮಸಿ ತಾನಾಗಿ ಹಾರಿ ಹೋಗಿ ಕಬ್ಬನ್ನು ಕೊಲ್ಲುವುದಿಲ್ಲ.

ಅಪ್ಪ ತಕ್ಷಣ ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. "ನಿಮ್ಮ ಕಾಕಾನ್ನ ಕೇಳು. ಅವನ ಪಾಲೂ ಐತಿ" ಅಂದ.

ಕಾಕಾ ಇರುವುದು ಅಥಣಿ ತಾಲ್ಲೂಕಿನ ತೆಲಸಂಗದ ಕಡೆ, ಕಾಕುವಿನ ತವರಿನ ಹತ್ತಿರ ದ್ರಾಕ್ಷಿ ತೋಟ. ಕುಡಚಿಯ ಸೇತುವೆಯಲ್ಲಿ ಕೃಷ್ಣೆ ದಾಟಿದರೆ ಉಗಾರ, ಅಲ್ಲಿಂದ ಕಾಗವಾಡ ತಾಲ್ಲೂಕು. ಕೆಂಪು ನೀರು ದಡದವರೆಗೆ ತುಂಬಿ ಹರಿಯುತ್ತಿತ್ತು, ತಿರುಗಣಿಗಳಲ್ಲಿ ನೊರೆ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಊರುಗಳಿಗೆ ನುಗ್ಗಿತ್ತು. ಸೇತುವೆ ದಾಟಿ ಪೂರ್ವಕ್ಕೆ ಹೋದಂತೆ ಮೋಡ ತೆಳುವಾಗುತ್ತದೆ, ಕಬ್ಬು ಹಿಂದೆ ಉಳಿಯುತ್ತದೆ, ಜಾಲಿ ಬರುತ್ತದೆ.

ಅಥಣಿಯಲ್ಲಿ ಅಪ್ಪನಿಗೆ ಒಂದು ಜೊತೆ ಚಪ್ಪಲಿ ತೆಗೆದುಕೊಂಡೆ. ಕೊಲ್ಹಾಪುರಿ ಅಂತ ಜಗತ್ತು ಕರೆಯುವ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಇದೆ. ಹಳೇ ಪದ್ಧತಿಯಲ್ಲಿ ತೊಗಲು ಹದ ಮಾಡುವುದು ಜಾಲಿ ತೊಗಟೆ, ಅಳಲೆಕಾಯಿಯ ಒಗರಿನಿಂದ. ಮರ ತನ್ನ ತೊಗಟೆಯಲ್ಲಿ ಆ ಒಗರನ್ನು ಇಟ್ಟುಕೊಳ್ಳುವುದು ಹುಳದಿಂದ, ಬೂಸರಿನಿಂದ ಕಾಪಾಡಿಕೊಳ್ಳಲು. ಶಿಲೀಂಧ್ರಗಳಲ್ಲೂ ಕೆಲವು ಆ ಒಗರನ್ನೇ ಒಡೆದು ತಿನ್ನುವುದನ್ನು ಕಲಿತಿವೆ. ಮರಕ್ಕೂ ಬೂಸರಿಗೂ ಇರುವ ಈ ಹಗ್ಗಜಗ್ಗಾಟದ ಒಂದು ತುದಿಯನ್ನು ನಮ್ಮ ಚಮ್ಮಾರರು ಎಂದೋ ಹಿಡಿದುಕೊಂಡಿದ್ದರು.

ಕಾಕಾ ತೋಟದಲ್ಲೇ ಸಿಕ್ಕ. ನಾನು ಬಂದ ವಿಷಯ ಅವನಿಗೆ ಆಗಲೇ ಗೊತ್ತಿತ್ತು. "ಏನವಾ, ಬೂಸರಿನ ವಕೀಲಕಿ ಮಾಡಾಕ ಬಂದೀಯಂತ?"

ಎರಡು ವರ್ಷ ಸಾಲಾಗಿ ಚಾಟ್ನಿ ಆದ ಮೇಲೆ ಅಕಾಲ ಮಳೆ ಬಂದು ಅವನ ತೋಟಕ್ಕೆ ಡೌನಿ ಬಿದ್ದಿತ್ತು. ಎಲೆಯ ಅಡಿಗೆ ಬಿಳಿ ಹಿಟ್ಟಿನಂಥ ಬೂಸರು, ಗೊನೆಗಳೆಲ್ಲ ಕಂದಿ ಉದುರಿದ್ದವು. ಮಣೂಕ ಮಾಡಲೂ ಏನೂ ಉಳಿಯಲಿಲ್ಲ. ಇದೇ ರೋಗ 1878ರಲ್ಲಿ ಅಮೆರಿಕದಿಂದ ಫ್ರಾನ್ಸಿಗೆ ಹೋಗಿ ಅಲ್ಲಿನ ತೋಟಗಳನ್ನು ಕೆಡಿಸಿತ್ತು. ಅದಕ್ಕೆ ಮದ್ದಾಗಿ 1885ರಲ್ಲಿ ಮಿಲಾರ್ಡೆ ಪ್ರಕಟಿಸಿದ ಮೈಲುತುತ್ತು-ಸುಣ್ಣದ ಬೋರ್ಡೊ ದ್ರಾವಣ ಇವತ್ತಿಗೂ ಕಾಕಾನ ಡ್ರಮ್ಮಿನಲ್ಲಿದೆ. ವಿಜ್ಞಾನದ ಲೆಕ್ಕದಲ್ಲಿ ಡೌನಿ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಗಳ ದೂರದ ನೆಂಟ. ಇದನ್ನು ಹೇಳಿದೆ. ಕಾಕಾ ನಕ್ಕ. "ಕಳ್ಳನ ಜಾತಿ ಯಾವುದಾದರೇನು, ಮನಿ ಖಾಲಿ ಆಗೇತಿ."

ಮಾತು ಸರಿಯೇ. ಆದರೂ ಗೆಳತಿ ಹೇಳಿದ್ದ ಒಂದು ಸಂಗತಿ ಹೇಳಿದೆ. ಕಬ್ಬಿಗೆ ಕೆಂಪು ಕೊಳೆ ರೋಗ ತರುವುದು ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರ. ಅದೇ ಕುಲದ ಅಣ್ಣತಮ್ಮಂದಿರು ಕಾಡಿನ ಎಷ್ಟೋ ಮರಗಳ ಎಲೆಯೊಳಗೆ ಯಾರಿಗೂ ತೊಂದರೆ ಕೊಡದೆ ಇರುತ್ತಾರೆ. ಪನಾಮಾದಲ್ಲಿ ಎಲಿಜಬೆತ್ ಆರ್ನಲ್ಡ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ಒಳವಾಸಿ ಶಿಲೀಂಧ್ರಗಳಿದ್ದ ಕೋಕೋ ಎಲೆಗಳಿಗೆ ಕೊಳೆರೋಗದ ಹಾನಿ ಕಡಿಮೆಯಾಗಿತ್ತು. ಎಲೆಯಲ್ಲಿ ಒಳ್ಳೆಯವರು ಮೊದಲೇ ಜಾಗ ಹಿಡಿದಿದ್ದರೆ ಕೆಟ್ಟವನಿಗೆ ಕೂರಲು ಜಾಗ ಸಾಲದು.

ಕಾಕಾ ಸುಮ್ಮನೆ ಕೇಳಿದ. ಆಮೇಲೆ ಮೆತ್ತಗೆ ಕೇಳಿದ: "ಎಲ್ಲಾ ಖರೇ ಇರಬೋದು. ನಿನ್ನ ನೊರಿ ನನ್ನ ಸಾಲ ತೀರಸತೈತೇನವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಪುಣೆಯಲ್ಲಿ ಸಂಬಳ ಎಣಿಸುತ್ತ ಊರಿನ ಮರ ಉಳಿಸಿ ಅನ್ನುವುದು ಸುಲಭ. ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಕಾಕಾನ ಪಾಲಿಗೆ ವ್ಯಾಪಾರಿ ಹೇಳಿದ ಹಣ ನನ್ನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಕುಡಚಿ ಬರುವಷ್ಟರಲ್ಲಿ ಕಾಕಾಗೆ ಫೋನ್ ಮಾಡಿ, "ನಿಮ್ಮ ಪಾಲು ನಾ ತಗೋತೀನ್ರಿ, ನಾಕ ಕಂತಿನ್ಯಾಗ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಮನಿಯವರ ಹತ್ರ ರೊಕ್ಕ ಹೆಂಗ ತಗೊಳ್ಳೂದವಾ" ಅಂದ. ಮತ್ತೆ ಅವನೇ, "ಈ ಮಳಿಗಾಲ ನಿಲ್ಲಲಿ. ಮುಂದ ನೋಡೂಣು" ಅಂದ.

ಉಳಿದದ್ದು ಅಪ್ಪನ ಐದಾರು ಸಾಲು ಕಬ್ಬು. ಅದಕ್ಕೆ ಅವನೇ ದಾರಿ ಕಂಡುಕೊಂಡ: ಕಬ್ಬಿನ ಕಡೆ ಚಾಚಿದ ಎರಡು ಕೊಂಬೆ ಕಡಿಯುವುದು, ಗಿಡ ಬಿಡುವುದು. ಕೊಡಲಿ ಬೀಳುವಾಗ ನಾನು ಅಲ್ಲೇ ನಿಂತಿದ್ದೆ. ನೋಡಲು ಕಷ್ಟವಾಯಿತು, ಆದರೆ ಸಾಲಿನ ಮೇಲೆ ಬಿಸಿಲು ಬಿದ್ದದ್ದೂ ಕಂಡಿತು.

ನಾನು ಕಾಯುತ್ತಿದ್ದದ್ದು ಜೋರು ಮಳೆಗೆ. ನಮ್ಮ ಕಡೆಯ ಜುಲೈ ಮಳೆ ಜಿಟಿಜಿಟಿ, ಕಾಂಡದಲ್ಲಿ ನೀರು ಇಳಿಯುವಷ್ಟು ಬರುವುದು ಅಪರೂಪ. ಹೊರಡುವ ಹಿಂದಿನ ಸಂಜೆ ಬಂತು, ಅರ್ಧ ಗಂಟೆ ಒಂದೇ ಸಮ. ಕೊಡೆ ಹಿಡಿದು ಓಡಿದೆ. ಅಪ್ಪನೂ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹಿಂದೆ ಬಂದ. ಕಾಂಡದ ಸೀಳುಗಳಲ್ಲಿ ನೀರು ಕಂದು ಬಣ್ಣದಲ್ಲಿ ಇಳಿದು, ಬುಡದ ಎರಡು ಬೇರುಗಳ ನಡುವೆ ಅಂಗೈಯಷ್ಟು ನೊರೆ ಕಟ್ಟಿತ್ತು.

ಮನೆಯ ಬಲ್ಬಿನ ಕೆಳಗೆ ಒಂದು ಗಂಟೆ ಹುಡುಕಿದೆ. ಧೂಳು, ಹುಲ್ಲಿನ ಪರಾಗ, ಕಪ್ಪು ಬೂಸರಿನ ತುಂಡು ಎಳೆಗಳು. ಅಂಬೋಲಿಯ ಒಂದು ಹನಿಯಲ್ಲಿದ್ದಷ್ಟು ಇಲ್ಲಿ ಇಡೀ ಚಮಚದಲ್ಲೂ ಇರಲಿಲ್ಲ. ಬಿಟ್ಟುಬಿಡೋಣ ಅನ್ನುವಾಗ ಗಾಜಿನ ಅಂಚಿನಲ್ಲಿ ಒಂದು ಕಂಡಿತು. ಮೂರು ಕೈ, ತೆಳ್ಳಗೆ, ಗಾಜಿನ ಹಾಗೆ. ಅದರ ಹೆಸರು ನನಗೆ ಗೊತ್ತಿಲ್ಲ. ಆದರೆ ಸುತ್ತ ಕಬ್ಬೇ ಇರುವ ಬದುವಿನ ಮೇಲೆ, ಒಂಟಿ ಮಾವಿನ ತಲೆಯಲ್ಲಿ, ಕಾಡಿನ ಒಂದು ತುಣುಕು ಇನ್ನೂ ಕೆಲಸ ಮಾಡುತ್ತಿತ್ತು.

ಅಪ್ಪ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. "ನೆಗ್ಗಿಲಮುಳ್ಳ ಇದ್ದಂಗ ಐತಲ್ಲ" ಅಂದ. ನಾನು ಅವನಿಗೆ ಆ ಹೋಲಿಕೆ ಹೇಳಿರಲೇ ಇಲ್ಲ.

ಈಗ ಪುಣೆಯಲ್ಲಿ ಆಫೀಸಿನ ಪಾರ್ಕಿಂಗಿನ ಮಳೆಮರದ ಕೆಳಗೆ ನೊರೆ ಕಂಡರೆ ನಿಲ್ಲುತ್ತೇನೆ. ನೀವೂ ಮುಂದಿನ ಜೋರು ಮಳೆಯಲ್ಲಿ ಒಂದು ನಿಮಿಷ ಯಾವುದಾದರೂ ಹಳೇ ಮರದ ಬುಡ ನೋಡಿ. ಕಾಕಾನ ಪ್ರಶ್ನೆ ಇನ್ನೂ ಹಾಗೇ ಇದೆ; ಮಳೆಗಾಲ ಮುಗಿದ ಮೇಲೆ ಮತ್ತೆ ಕೂತು ಮಾತಾಡಬೇಕು. ಹೋದ ವಾರ ಅಪ್ಪ ಫೋನ್ ಮಾಡಿದ್ದ. ಮಳೆ, ಎತ್ತು, ಕಬ್ಬು ಎಲ್ಲ ಆದ ಮೇಲೆ ಹೇಳಿದ: "ನಿನ್ನೆ ಭಾರೀ ಮಳಿ ಆತು. ಗಿಡದ ಬುಡಕ ನೊರಿ ಬಂದಿತ್ತು, ನೋಡಿ ಬಂದೆ."